ಕನ್ನಡಕ ಹಾಕಿಕೊಂಡೇ ಗಾಯನ ಕೇಳುವವರಿಗೆ ಯಾವ ಹೆಡ್‌ಫೋನ್? ಸ್ವಂತಕ್ಕೆ ಇಟ್ಟುಕೊಂಡವರು ತಿಳಿಸಿ

ಖರಜಪ್ರಿಯ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಮನೆ ವಿದ್ಯಾನಗರದಲ್ಲಿ. ಕೇಳುವುದೆಲ್ಲ ಹಿಂದೂಸ್ತಾನಿ ಗಾಯನ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಬಹುಪಾಲು ಹಳೆಯ ಮೋನೊ ಧ್ವನಿಮುದ್ರಣಗಳು. ರಾತ್ರಿ ಊಟ ಮುಗಿದು ಮನೆಯವರು ಮಲಗಿದ ಮೇಲೆಯೇ ನನಗೆ ಬಿಡುವು. ಆ ಹೊತ್ತಿನಲ್ಲಿ ಸ್ಪೀಕರ್ ಹಾಕುವಂತಿಲ್ಲ. ಈಗಿರುವ ಹೆಡ್‌ಫೋನ್ ಮೊಬೈಲ್ ಕೊಂಡಾಗ ಅದರೊಂದಿಗೇ ತಂದದ್ದು. ಅದರಲ್ಲಿ ತಂಬೂರಿ ಎಂದರೆ ಗಾಯಕರ ಹಿಂದೆ ಎಲ್ಲೋ ಗುಂಯ್ ಎನ್ನುವ ಒಂದು ಸದ್ದು, ಅಷ್ಟೆ. ಪಂಚಮದ ತಂತಿ ಯಾವುದು, ಜೋಡಿ ತಂತಿಗಳು ಯಾವುವು, ಎಲ್ಲಕ್ಕಿಂತ ಕೆಳಗಿನ ಸ್ವರದ ಖರಜ ತಂತಿ ಯಾವುದು ಎಂದು ಬಿಡಿಬಿಡಿಯಾಗಿ ಕೇಳಬೇಕೆಂಬುದು ನನ್ನ ಬಹುಕಾಲದ ಆಸೆ.

ಮೂವತ್ತು ಸಾವಿರದ ಆಚೀಚೆ ಹಣ ಎತ್ತಿಟ್ಟಿದ್ದೇನೆ. ಸೆನ್‌ಹೈಸರ್ ಎಚ್‌ಡಿ 600, ಹೈಫೈಮ್ಯಾನ್ ಸುಂದರಾ, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, ಈ ಮೂರರ ಹೆಸರು ಎಲ್ಲ ಕಡೆ ಕಾಣುತ್ತದೆ. ಆದರೆ ವಿಮರ್ಶೆ ಬರೆಯುವವರು ಹಾಕಿ ಕೇಳುವುದು ಪಾಶ್ಚಾತ್ಯ ಸಂಗೀತ, ಕೂರುವುದು ತಂಪಾದ ಊರಿನಲ್ಲಿ. ನನ್ನದು ಆರ್‌ಸಿಸಿ ಮನೆಯ ಮಹಡಿ ಕೋಣೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ತಾರಸಿ ಕಾದೇ ಇರುತ್ತದೆ, ಫ್ಯಾನ್ ನಿಲ್ಲಿಸುವಂತಿಲ್ಲ. ಜೊತೆಗೆ, ಕೇಳುತ್ತಲೇ ಬಂದಿಶಿನ (ರಾಗಕ್ಕೆ ಕಟ್ಟಿದ ಹಾಡಿನ) ಸ್ವರ ಬರೆದುಕೊಳ್ಳುವ ಅಭ್ಯಾಸ ನನಗಿದೆ. ಹಾಗಾಗಿ ಕನ್ನಡಕ ತೆಗೆದಿಟ್ಟು ಕೇಳಿ ಎಂಬ ಸಲಹೆ ನನಗೆ ಒಗ್ಗುವುದಿಲ್ಲ. ಇವನ್ನು ತಲೆಗೆ ಹಾಕಿ ನೋಡಿ ಕೊಳ್ಳುವಂಥ ಅಂಗಡಿ ನಮ್ಮ ಊರಿನಲ್ಲಿ ನನಗೆ ಕಂಡಿಲ್ಲ. ತಲೆಯ ಮೇಲೆ ಹೇಗೆ ಕೂರುತ್ತದೆ, ಗಂಟೆ ಕಳೆದ ಮೇಲೆ ಕಿವಿಗೆ ಏನನ್ನಿಸುತ್ತದೆ ಎಂದು ಬಳಸುತ್ತಿರುವವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮಂಡಿಪೇಟೆ ಚಷ್ಮಾ, ದಾವಣಗೆರೆ:

ಸರ್, ಮಂಡಿಪೇಟೆಯ ಹತ್ತಿರ ನನ್ನದು ಕನ್ನಡಕದ ಅಂಗಡಿ. ಎಚ್‌ಡಿ 600 ಬಹಳ ವರ್ಷಗಳಿಂದ ನನ್ನ ಬಳಿ ಇದೆ. ಈ ಪ್ರಶ್ನೆಗೆ ಉತ್ತರಿಸಲು ನನಗಿಂತ ಹಕ್ಕುಳ್ಳವರು ಈ ಊರಿನಲ್ಲಿ ಇರಲಾರರು ಎಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಕನ್ನಡಕದ ವಿಷಯ, ಏಕೆಂದರೆ ಅದು ಇತ್ಯರ್ಥವಾಗದೆ ಧ್ವನಿಯ ಬಗ್ಗೆ ಮಾತಾಡುವುದು ವ್ಯರ್ಥ. ದಪ್ಪ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿ ಕಿವಿಯ ಹತ್ತಿರ ನಾಲ್ಕೈದು ಮಿಲಿಮೀಟರ್ ಇರುತ್ತದೆ. ತೆಳುವಾದ ಟೈಟಾನಿಯಂ ಕಡ್ಡಿ ಒಂದು, ಹೆಚ್ಚೆಂದರೆ ಒಂದೂವರೆ. ಹೆಡ್‌ಫೋನಿನ ಮೆತ್ತೆ ಆ ಕಡ್ಡಿಯ ಮೇಲೆ ಹಾಯುವಾಗ ಅದರ ಮೇಲೂ ಕೆಳಗೂ ಸಣ್ಣ ಸಂದು ಉಳಿಯುತ್ತದೆ. ಕೆಳಗಿನ ಸ್ವರಗಳು ಕೇಳಬೇಕಾದರೆ ಕಿವಿಗೂ ಡ್ರೈವರಿಗೂ (ಒಳಗೆ ಸದ್ದು ಹೊರಡಿಸುವ ಭಾಗಕ್ಕೂ) ನಡುವಿನ ಗಾಳಿಯ ಒತ್ತಡ ಅಲ್ಲೇ ನಿಲ್ಲಬೇಕು. ಸಂದಿದ್ದರೆ ಅದು ಸೋರಿಹೋಗುತ್ತದೆ. ನೀವು ಗಣಿತದವರು, ಲೆಕ್ಕ ಹಾಕಿ: ಗಾಯಕರ ಷಡ್ಜ ಸುಮಾರು 138 ಹರ್ಟ್ಸ್ ಎಂದಿಟ್ಟುಕೊಂಡರೆ ತಂಬೂರಿಯ ಖರಜ ಅದರ ಅರ್ಧ, 69. ಸೋರಿಕೆಗೆ ಮೊದಲು ಬಲಿಯಾಗುವುದು ಆ ಭಾಗವೇ. ತಂಬೂರಿಯಲ್ಲಿ ಮೂಲನಾದಕ್ಕಿಂತ ಉಪನಾದಗಳು ಜೋರಾಗಿರುವುದರಿಂದ ಖರಜ ಪೂರ್ತಿ ಮಾಯವಾಗುವುದಿಲ್ಲ, ಆದರೆ ಅದರ ತೂಕ ಹೋಗುತ್ತದೆ. ನಿಮಗೆ ಬೇಕಾಗಿರುವುದು ಆ ತೂಕವೇ ತಾನೆ?

ಇದಕ್ಕೆ ನನ್ನ ಪರಿಹಾರ ಸರಳ. ಕೇಳುವಾಗ ಹಾಕಿಕೊಳ್ಳಲೆಂದೇ ಓದುವ ನಂಬರಿನ ಒಂದು ಹಗುರ ಕನ್ನಡಕ ಮಾಡಿಸಿಕೊಳ್ಳಿ. ಕಡ್ಡಿ ತೆಳುವಾಗಿರಲಿ, ಕಿವಿಯ ಹಿಂದೆ ಕೊಕ್ಕೆಯ ಹಾಗೆ ಬಾಗದೆ ಆದಷ್ಟು ನೇರವಾಗಿರಲಿ. ಕಡ್ಡಿ ಬಾಗಿದ ಜಾಗದಲ್ಲಿಯೇ ಮೆತ್ತೆ ಅದನ್ನು ಎಲುಬಿಗೆ ಒತ್ತುವುದು. ಗಂಟೆಯ ಮೇಲೆ ನೋವು ಶುರುವಾಗುವುದೂ ಅಲ್ಲಿಂದಲೇ. ನಾನು ಮಾರುವ ವಸ್ತುವೆಂದು ಹೇಳುತ್ತಿಲ್ಲ, ಎಲ್ಲಿ ಬೇಕಾದರೂ ಮಾಡಿಸಿ.

ಇನ್ನು ಎಚ್‌ಡಿ 600. 1997ರಲ್ಲಿ ಬಂದದ್ದು, ಇಂದಿಗೂ ತಯಾರಾಗುತ್ತಿದೆ. ತೂಕ 260 ಗ್ರಾಂ. ಕೈಯಲ್ಲಿ ಹಿಡಿದರೆ ಇಷ್ಟು ಹಣ ಇದಕ್ಕೇಕೆ ಎನ್ನಿಸುವಷ್ಟು ಹಗುರ. ಹೊಸದರಲ್ಲಿ ಮಾತ್ರ ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಪಟ್ಟಿಯನ್ನು ಪೂರ್ತಿ ಹೊರಗೆಳೆದಾಗ ಕಾಣುವ ಉಕ್ಕಿನ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ, ಒಂದಿಷ್ಟೇ ಹೊರಕ್ಕೆ ಬಾಗಿಸಬೇಕು. ಪ್ಲಾಸ್ಟಿಕ್ ಕೂಡುವ ಜಾಗಕ್ಕೆ ಬಲ ಹಾಕಬಾರದು. ಆಮೇಲೆ ಅದು ತಲೆಯ ಮೇಲಿದೆ ಎಂಬುದೇ ಮರೆಯುತ್ತದೆ. ಮೆತ್ತೆಯ ಹೊದಿಕೆ ವೆಲ್ವೆಟ್‌ನಂಥ ಬಟ್ಟೆ, ಹಿಂಬದಿ ಜಾಲರಿ, ಗಾಳಿ ಆಡುತ್ತದೆ. ನಮ್ಮ ಬೇಸಿಗೆಯಲ್ಲಿಯೂ ಕಿವಿ ಬೇಯುವುದಿಲ್ಲ, ಸ್ವಲ್ಪ ಬೆವರುತ್ತದೆ. ಮುಗಿದ ಮೇಲೆ ಮೆತ್ತೆಯನ್ನು ಒಣ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ ಫ್ಯಾನ್ ಗಾಳಿಗೆ ಇಡಿ. ವರ್ಷಗಳು ಕಳೆದಂತೆ ಒಳಗಿನ ಸ್ಪಂಜು ಚಪ್ಪಟೆಯಾಗುತ್ತದೆ, ಕಿವಿ ಡ್ರೈವರಿಗೆ ಹತ್ತಿರವಾಗುತ್ತದೆ, ಧ್ವನಿ ಬದಲಾಗುತ್ತದೆ. ಹೆಡ್‌ಫೋನ್ ಹಾಳಾಯಿತೆಂದು ಜನ ಮಾರಿಬಿಡುವುದು ಆಗಲೇ. ಮೆತ್ತೆ ಬದಲಿಸಿದರೆ ಸಾಕು. ವಯರ್ ಕೂಡ ಬಿಚ್ಚಿ ಬದಲಿಸಬಹುದು.

ಧ್ವನಿ: ಇದರ ಪ್ರಾಣ ಇರುವುದು ಮನುಷ್ಯಕಂಠದಲ್ಲಿ. ಗಂಗೂಬಾಯಿಯವರ ಮಂದ್ರ ಎದೆಯಿಂದ ಎದ್ದು ಬರುವುದು ಕೇಳುತ್ತದೆ, ‘ಆ’ ಎಂದು ಎಳೆದು ಹಾಡುವ ಆಕಾರದ ಅಂಚು ಎಲ್ಲಿಯೂ ಚೂಪಾಗುವುದಿಲ್ಲ. ಹಳೆಯ ಟೇಪಿನ ಸುಯ್ ಸದ್ದು ಇದ್ದೇ ಇರುತ್ತದೆ, ಆದರೆ ಹಾಡಿನ ಹಿಂದೆ ನಿಲ್ಲುತ್ತದೆ. ವಿಸ್ತಾರ ಕಡಿಮೆ, ಗಾಯಕರು ಹತ್ತಿರವೇ ಕೂತಂತೆ. ಅತ್ಯಂತ ಕೆಳಗಿನ ನಾದದಲ್ಲಿ ಇದು ಸ್ವಲ್ಪ ಹಿಂಜರಿಯುತ್ತದೆ. ತಬಲಾ ಜೋಡಿಯ ದೊಡ್ಡದಾದ ಡಗ್ಗಾ ಹೊಟ್ಟೆಗೆ ಬಡಿಯಬೇಕು ಎನ್ನುವವರಿಗೆ ಸಾಲದು. 2003ರಲ್ಲಿ ಬಂದ ಎಚ್‌ಡಿ 650 ಇದೇ ಮೈಕಟ್ಟಿನದು, ತುಸು ಬೆಚ್ಚಗಿನ ಧ್ವನಿ. ಎರಡರ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 300 ಓಮ್. ಹಳೆಯ ಧ್ವನಿಮುದ್ರಣಗಳ ಮಟ್ಟವೇ ಕೆಳಗಿರುವುದರಿಂದ ಬರಿಯ ಮೊಬೈಲ್ ಸಾಲುವುದಿಲ್ಲ. ಒಂದು ಸಣ್ಣ ಆಂಪ್ಲಿಫೈಯರಿಗೂ ಹಣ ಎತ್ತಿಡಿ.

ಕೋಟೆಗಾಳಿ, ಚಿತ್ರದುರ್ಗ:

ಚಷ್ಮಾ ಅವರು ಬರೆದದ್ದು ಸರಿ, ಆದರೆ ಫ್ಯಾನ್ ಮಾತನ್ನು ಅವರು ತೇಲಿಸಿಬಿಟ್ಟರು. ನಾನು ಮನೆಯಲ್ಲಿಯೇ ಮಕ್ಕಳ ಪಾಠಗಳ ಧ್ವನಿ ಸಂಕಲನ ಮಾಡುವವಳು. ನಮ್ಮ ಮನೆ ಜೋಗಿಮಟ್ಟಿಯ ಕಡೆಗೆ. ಆಷಾಢದಲ್ಲಿ ಇಲ್ಲಿ ಬೀಸುವ ಗಾಳಿಯನ್ನು ಕಂಡವರೇ ಬಲ್ಲರು, ಕಿಟಕಿ ಮುಚ್ಚಿದ್ದರೂ ಚೌಕಟ್ಟು ಶಿಳ್ಳೆ ಹಾಕುತ್ತದೆ. ಜಾಲರಿ ಬೆನ್ನಿನ ಹೆಡ್‌ಫೋನಿನಲ್ಲಿ ಆ ಗಾಳಿಯೆಲ್ಲ ತಂಬೂರಿಯ ಜೊತೆ ಬೆರೆಯುತ್ತದೆ. ನನಗೆ ಮುಚ್ಚಿದ ಬೆನ್ನಿನದೇ ಬೇಕು: ಡಿಟಿ 770 ಪ್ರೊ, 80 ಓಮ್‌ನದು.

ಕೂರುವಿಕೆಯಲ್ಲಿ ಇದಕ್ಕೆ ಸಾಟಿ ಕಡಿಮೆ. ದುಂಡು ಬಟ್ಟಲಿನೊಳಗೆ ಕಿವಿ ಪೂರ್ತಿ ಮುಳುಗುತ್ತದೆ, ಮೆತ್ತೆ ಮೃದು, ಹಿಡಿತ ಹದ, ತೂಕ 270 ಗ್ರಾಂ. ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಕಿಕೊಂಡು ಕೆಲಸ ಮಾಡುತ್ತೇನೆ. ಆದರೆ ಸರ್, ಸೆಕೆಯ ವಿಷಯದಲ್ಲಿ ನಿಮಗೆ ಸುಳ್ಳು ಹೇಳಲಾರೆ. ಮಾರ್ಚ್ ಬಂತೆಂದರೆ ಕಿವಿಯ ಸುತ್ತ ಬೆವರು ಹರಿಯುತ್ತದೆ, ನಡುನಡುವೆ ತೆಗೆದು ಒರೆಸಿಕೊಳ್ಳಲೇಬೇಕು. ಕನ್ನಡಕದ ಸೋರಿಕೆ ಮುಚ್ಚಿದ ಬಟ್ಟಲಿನಲ್ಲಿ ಇನ್ನೂ ಸ್ಪಷ್ಟ. ಡಗ್ಗಾ ನುಡಿಯುತ್ತಿರುವಾಗ ಕಡ್ಡಿಯನ್ನು ಬೆರಳಿನಲ್ಲಿ ಎತ್ತಿ ಬಿಡಿ, ಗುಮುಕಿಯ (ಅಂಗೈ ಒತ್ತಿ ಎಳೆಯುವ ನಾದದ) ಗುಂಗು ಬಂದು ಹೋಗುವುದು ಗೊತ್ತಾಗುತ್ತದೆ. ಮೇಲಿನ ಸ್ವರಗಳಲ್ಲಿ ಇದರ ಹೊಳಪು ಹೆಚ್ಚು. ನನ್ನ ಕೆಲಸಕ್ಕೆ ಅದು ವರ, ಸ, ಶ ಅಕ್ಷರಗಳ ಒರಟುತನ ತಕ್ಷಣ ಸಿಕ್ಕಿಬೀಳುತ್ತದೆ. ಹಳೆಯ ಟೇಪ್ ಕೇಳುವವರಿಗೆ ಅದೇ ಹೊಳಪು ಸುಯ್ ಸದ್ದನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ.

ಜಾಲರಿ ಬೆನ್ನಿನದನ್ನೇ ಕೊಳ್ಳುವಿರಾದರೆ ದಯವಿಟ್ಟು ಫ್ಯಾನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಅದಕ್ಕಿಂತ ಜೋರಾದರೆ ಸುರಕ್ಷಿತ ಸಮಯ ಬೇಗ ಬೇಗ ಕುಗ್ಗುತ್ತದೆ. ಸೀಲಿಂಗ್ ಫ್ಯಾನ್ ಬದಲು ಕಾಲಿನ ಕಡೆ ಒಂದು ಟೇಬಲ್ ಫ್ಯಾನ್ ಇಟ್ಟುಕೊಂಡು ನೋಡಿ.

ನಿಟುವಳ್ಳಿ ಕೇಳುಗ, ದಾವಣಗೆರೆ:

ಸುಂದರಾ ನನ್ನ ಬಳಿ ಇದೆ, ಸರ್. ಇದರಲ್ಲಿ ಶಂಕುವಿನಾಕಾರದ ಪೊರೆ ಇಲ್ಲ. ಅಯಸ್ಕಾಂತಗಳ ಮುಂದೆ ತೆಳು ಹಾಳೆಯೊಂದು ಬಿಗಿದಿರುತ್ತದೆ, ಹಾಳೆಯ ಮೇಲೆಯೇ ವಿದ್ಯುತ್ ಹರಿಯುವ ಗೆರೆಗಳು. ಇಡೀ ಹಾಳೆ ಒಟ್ಟಿಗೆ ಅಲುಗುವುದರಿಂದಲೋ ಏನೋ, ಕೆಳಗಿನ ನಾದ ತೀರಾ ಆಳದವರೆಗೆ ಒಂದೇ ಸಮನಾಗಿ ಇಳಿಯುತ್ತದೆ. ಖರಜಕ್ಕೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಇಂಪೀಡೆನ್ಸ್ 37 ಓಮ್ ಮಾತ್ರ, ಆದರೂ ಒಳ್ಳೆಯ ಆಂಪ್ಲಿಫೈಯರ್ ಕೊಟ್ಟರೆ ಬೇರೆಯೇ ಆಗಿ ನುಡಿಯುತ್ತದೆ.

ತೂಕ 372 ಗ್ರಾಂ. ತಲೆಯ ಮೇಲಿನ ಅಗಲ ಪಟ್ಟಿ ಅದನ್ನು ಹಂಚುತ್ತದೆ, ನೆತ್ತಿ ನೋಯುವುದಿಲ್ಲ. ಬಟ್ಟಲುಗಳು ಎಡಬಲಕ್ಕೆ ತಿರುಗುವುದಿಲ್ಲ. ದವಡೆ ಕಿರಿದಾಗಿರುವವರಿಗೆ ಕಿವಿಯ ಕೆಳಗೆ ಸಂದು ಬೀಳಬಹುದು. ಹಾಕಿ ನೋಡದೆ ಕೊಳ್ಳಬೇಡಿ. ಚಷ್ಮಾ ಅಣ್ಣನವರ ಅಂಗಡಿಗೆ ನಾನೇ ತರುತ್ತೇನೆ.

ಖರಜಪ್ರಿಯ, ದಾವಣಗೆರೆ:

ಎಲ್ಲರಿಗೂ ಕೃತಜ್ಞತೆಗಳು. ಅಂಗಡಿ ಬಾಗಿಲು ಹಾಕಿದ ಮೇಲೆ ಮೂವರೂ ಕೂತು ಎರಡನ್ನೂ ಕೇಳಿದೆವು. ನಿಟುವಳ್ಳಿಯ ಹುಡುಗನ ಮಾತು ದಿಟ, ಸುಂದರಾದಲ್ಲಿ ಖರಜ ತುಂಬಿ ನಿಲ್ಲುತ್ತದೆ, ಎರಡು ತಂಬೂರಿಗಳಿದ್ದರೆ ಎರಡೆಂದು ತಿಳಿಯುತ್ತದೆ. ಬರೀ ಕೇಳುವವನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ. ಆದರೆ ನೋಟ್‌ಪುಸ್ತಕದ ಮೇಲೆ ಬಾಗಿ ಬರೆಯತೊಡಗಿದೊಡನೆ ಆ ತೂಕ ಹಣೆಯ ಕಡೆಗೆ ಜಾರಿತು. ಎಡಗೈ ಅದನ್ನು ಹಿಡಿದುಕೊಳ್ಳುವ ಕೆಲಸಕ್ಕೇ ಸಾಕಾಯಿತು. ಎಚ್‌ಡಿ 600 ಬಾಗಿದರೂ ಕದಲಲಿಲ್ಲ. ಚಷ್ಮಾ ಅವರು ಕೊಟ್ಟ ತೆಳು ಕಡ್ಡಿಯ ಕನ್ನಡಕಕ್ಕೂ ನನ್ನ ದಪ್ಪ ಚೌಕಟ್ಟಿಗೂ ಇರುವ ವ್ಯತ್ಯಾಸ ನನ್ನ ಕಿವಿಗೇ ತಿಳಿಯಿತು: ದಪ್ಪ ಕಡ್ಡಿಯಲ್ಲಿ ಖರಜ ಸೊರಗುತ್ತದೆ, ತಂತಿ ಕುದುರೆಗೆ ತಾಗಿ ಏಳುವ ಜವಾರಿಯ ಝೇಂಕಾರ ಮಾತ್ರ ಉಳಿಯುತ್ತದೆ.

ಮನ್ಸೂರರು ಒಂದು ತಾನ್ (ವೇಗದ ಸ್ವರಸರಣಿ) ಮುಗಿಸಿ ಮುಂದಿನದಕ್ಕೆ ಉಸಿರೆಳೆದುಕೊಳ್ಳುವುದು ಇಷ್ಟು ಕಾಲ ಕೇಳಿದ ಅದೇ ಮುದ್ರಿಕೆಯಲ್ಲಿ ಇತ್ತೆಂದು ನನಗೆ ತಿಳಿದೇ ಇರಲಿಲ್ಲ. ಅವರ ತಾನ್‌ಗಳು ಅಷ್ಟು ಉದ್ದ ಹೋಗುವುದು ಯಾವ ಉಸಿರಿನ ಬಲದಿಂದ ಎಂಬುದು ಅದರಿಂದಲೇ ಅರ್ಥವಾಗುತ್ತದೆ. ಹಾಗಾಗಿ ಎಚ್‌ಡಿ 600 ಎಂದು ತೀರ್ಮಾನಿಸಿದ್ದೇನೆ. ಮೇಡಂ, ಟೇಬಲ್ ಫ್ಯಾನ್ ಈಗಾಗಲೇ ಅಟ್ಟದಿಂದ ಇಳಿಸಿದ್ದಾಗಿದೆ. ಚಷ್ಮಾ ಅವರೇ, ಒಂದು ಜೊತೆ ಮೆತ್ತೆಯನ್ನೂ ಈಗಲೇ ತರಿಸಿ ಇಟ್ಟುಕೊಳ್ಳಲೇ?

ಮಂಡಿಪೇಟೆ ಚಷ್ಮಾ, ದಾವಣಗೆರೆ:

ಈಗ ಬೇಡ, ಸರ್. ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದರೂ ಸ್ಪಂಜು ಕಾಲಕ್ರಮೇಣ ಪುಡಿಯಾಗುತ್ತದೆ. ಆ ಹಣ ಆಂಪ್ಲಿಫೈಯರಿಗೆ ಹಾಕಿ. ಪೆಟ್ಟಿಗೆ ಬಂದ ದಿನ ಅಂಗಡಿಗೆ ತನ್ನಿ, ಪಟ್ಟಿಯನ್ನು ನಿಮ್ಮ ತಲೆಗೆ ತಕ್ಕಂತೆ ನಾನೇ ಹದ ಮಾಡಿಕೊಡುತ್ತೇನೆ.