ಸಹಾಯ ಬೇಕು: ಇಳಕಲ್ ಸೀರೆಯ ಕೊಂಡಿ ಕಲಿಸುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಯ ಕುಣಿ ಮಗ್ಗ (ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ) ಸುಮ್ನೆ ನಿಂತಿದೆ. ಅದನ್ನು ಮತ್ತೆ ಶುರು ಮಾಡಬೇಕು ಅಂತ ನನಗೂ ಅವ್ವನಿಗೂ ತುಂಬಾ ಆಸೆ. ಅವ್ವನಿಗೆ ನೇಯಲು ಬರುತ್ತದೆ, ಆದರೆ ಕೊಂಡಿ ಹಾಕಲು ಬರುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ (ಉದ್ದಕ್ಕೆ ಹಾಕುವ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ ಅಲ್ವಾ? ಎರಡನ್ನೂ ಕೊಂಡಿ ಹಾಕಿ ಸೇರಿಸಬೇಕು. ಕೆಂಪು ಬಿಳಿಯ ಆ ಟೋಪ್ ತೆನೆ ವಿನ್ಯಾಸದ ಸೆರಗಿನ ಚೆಂದವೆಲ್ಲ ಇರುವುದೇ ಅಲ್ಲಿ. ಅಜ್ಜನ ಕೈಯಲ್ಲಿದ್ದ ಆ ಕೆಲಸ ನಾವು ಕಲಿಯಲೇ ಇಲ್ಲ ಅನ್ನುವ ಸಂಕಟ ಜಾಸ್ತಿಯಾಗಿದೆ.

ಇಳಕಲ್, ಗುಳೇದಗುಡ್ಡ, ಕಮತಗಿ ಕಡೆಯ ಹಿರಿಯ ನೇಕಾರರು ಯಾರಾದರೂ 15 ದಿನ ನಮ್ಮಲ್ಲಿದ್ದು ಕಲಿಸುತ್ತಾರಾ? ದಿನದ ಕೂಲಿ, ಊಟ, ಬಸ್ ಖರ್ಚು ಎಲ್ಲ ನಮ್ಮದು. ಹಳೇ ಹಣಿಗೆ (ಮಗ್ಗದಲ್ಲಿ ಎಳೆಗಳು ಹಾಯುವ ಬಾಚಣಿಗೆಯಂಥ ಭಾಗ) ಸರಿ ಮಾಡುವವರು ಗೊತ್ತಿದ್ದರೂ ದಯವಿಟ್ಟು ತಿಳಿಸಿ.