ಲಾಗಿನ್ ಆದ್ರೂ ಡೇಟಾ ಬರಲ್ಲ, ರಿಫ್ರೆಶ್ ಮಾಡಿದ್ರೆ ಬರುತ್ತೆ

ಮೂಡಿಗೆರೆ ಹುಡುಗ: ಯಾರಾದ್ರೂ ಸ್ವಲ್ಪ ನೋಡ್ರಪ್ಪ, ಚಿಕ್ಕಪ್ಪನ ಕಾಫಿ ತೋಟಕ್ಕೆ ಆಳುಗಳ ಹಾಜರಿ, ಬಟವಾಡೆ ಲೆಕ್ಕ ಇಡೋಕೆ ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಆಪ್ ಮಾಡ್ತಿದೀನಿ, ಲಾಗಿನ್ ಸರಿಯಾಗೇ ಆಗುತ್ತೆ ಆದ್ರೆ ಹಾಜರಿ ಟೇಬಲ್ ಖಾಲಿ, ನೆಟ್‌ವರ್ಕ್ ಟ್ಯಾಬಲ್ಲಿ 401 (ಲಾಗಿನ್ ಗುರುತು ಇಲ್ಲ ಅನ್ನೋ ಎರರ್), ರಿಫ್ರೆಶ್ ಒತ್ತಿದ್ರೆ ಎಲ್ಲಾ ಬರುತ್ತೆ. ಯೂಸ್‌ಎಫೆಕ್ಟ್ (ಪರದೆ ಬಂದ್ಮೇಲೆ ಓಡೋ ಕೋಡ್) ಒಳಗೇ ಸರ್ವರಿಂದ ಡೇಟಾ ತರೋ ಫೆಚ್ ಹಾಕಿದೀನಿ, ಯಾವ್ದು ಬದಲಾದ್ರೆ ಮತ್ತೆ ಓಡ್ಬೇಕು ಅಂತ ಹೇಳೋ ಕೊನೇ ಜಾಗದಲ್ಲಿ ಖಾಲಿ ಅರೇ. ಎರಡು ದಿನದಿಂದ ತಲೆ ಕೆಟ್ಟೋಗಿದೆ.

ಹಾಸನ್ ಕೋಡರ್: ಆ ಖಾಲಿ ಅರೇನೇ ಕಳ್ಳ ಗುರೂ. ಕಾಂಪೊನೆಂಟ್ (ಪರದೆಯ ಆ ಭಾಗ) ಮೌಂಟ್ ಆದಾಗ, ಅಂದ್ರೆ ಮೊದಲು ಪರದೆಗೆ ಬಂದಾಗ ಮಾತ್ರ ಓಡುತ್ತೆ, ಆಗಿನ್ನೂ ಲಾಗಿನ್ ಗುರುತಿನ ಟೋಕನ್ನೇ ಬಂದಿರಲ್ಲ, ಸರ್ವರ್ 401 ಕೊಡದೆ ಇನ್ನೇನ್ ಮಾಡುತ್ತೆ. ಅರೇ ಒಳಗೆ ಯೂಸರ್ ಹಾಕು, ಲಾಗಿನ್ ಆದ್ಮೇಲೆ ಮತ್ತೆ ಓಡುತ್ತೆ, ಎಫೆಕ್ಟ್ ಶುರುವಲ್ಲೇ ಯೂಸರ್ ಇಲ್ದಿದ್ರೆ ರಿಟರ್ನ್ ಅಂತ ಬರಿ. ಟೋಕನ್ ಬ್ರೌಸರಲ್ಲೇ ಉಳಿಯೋ ಲೋಕಲ್ ಸ್ಟೋರೇಜಲ್ಲಿ ಇಟ್ಟಿದೀಯ ಅನ್ಸುತ್ತೆ, ರಿಫ್ರೆಶ್‌ಗೆ ಬರೋದು ಅದಕ್ಕೇ.

ಮೂಡಿಗೆರೆ ಹುಡುಗ: ಬಂತು ಗುರೂ!! ಹೌದು ಅಲ್ಲೇ ಇತ್ತು. ಆದ್ರೆ ಈಗ ರಿಕ್ವೆಸ್ಟ್ ಎರಡೆರಡು ಸಲ ಹೋಗ್ತಿದೆಯಲ್ಲ?

ಬೇಲೂರು ಅಕ್ಕ: ಅದು ಸ್ಟ್ರಿಕ್ಟ್ ಮೋಡ್ (ಕೋಡಿನ ತಪ್ಪು ಬೇಗ ತೋರ್ಸೋ ವ್ಯವಸ್ಥೆ) ಕಣೋ, ರಿಯಾಕ್ಟ್ 18ರಿಂದ ಡೆವಲಪ್‌ಮೆಂಟಲ್ಲಿ ಮೌಂಟ್ ಆದಾಗ ಎಫೆಕ್ಟ್‌ನ ಬೇಕಂತ್ಲೇ ಎರಡು ಸಲ ಓಡಿಸುತ್ತೆ, ಪ್ರೊಡಕ್ಷನ್ ಬಿಲ್ಡಲ್ಲಿ ಇರಲ್ಲ, ಅದಕ್ಕಂತ ಸ್ಟ್ರಿಕ್ಟ್ ಮೋಡ್ ಕಿತ್ತಾಕ್ಬೇಡ. ಲಾಗೌಟ್ ಆದಾಗ ಹಳೇ ಸ್ಟೇಟ್ (ಆಪ್ ನೆನಪಲ್ಲಿಟ್ಟ ಡೇಟಾ) ಖಾಲಿ ಮಾಡು ಮಾರಾಯ, ಇಲ್ಲಾಂದ್ರೆ ಅದೇ ಕಂಪ್ಯೂಟರಲ್ಲಿ ತೋಟದ ಲೆಕ್ಕ ಬರೆಯೋ ರೈಟ್ರು ಲಾಗಿನ್ ಆದ್ರೆ ಚಿಕ್ಕಪ್ಪನ ಲೆಕ್ಕ ಎಲ್ಲಾ ಕಣ್ಮುಂದೆ ಬರುತ್ತೆ.

ಮೂಡಿಗೆರೆ ಹುಡುಗ: ಅಯ್ಯೋ ಅಕ್ಕಾ, ಈಗ್ಲೇ ನೋಡ್ತೀನಿ, ಕರೆಂಟ್ ಬರ್ಲಿ