160 ಮೀಟರ್‌ನಲ್ಲಿ ಬರೀ ನಾಯ್ಸ್: ರಿಸೀವಿಂಗ್ ಆಂಟೆನಾ ಕಟ್ಟಿದವರು ಅನುಭವ ಹೇಳಿ

ಕೇಳಿದ್ದು, ಮದ್ದೂರು ಕಡೆಯಿಂದ:

ತೋಟದಲ್ಲಿ ಹ್ಯಾಮ್ ರೇಡಿಯೊದ 160 ಮೀಟರ್ ಬ್ಯಾಂಡಿಗೆ (1.8 ಮೆಗಾಹರ್ಟ್ಸ್ ಸುತ್ತಮುತ್ತ) ರಿಸೀವಿಂಗ್ ಆಂಟೆನಾ ಅಂತ 7 ಮೀಟರ್ ಎತ್ತರದ ನಾಲ್ಕು ಕಂಬ ನಿಲ್ಲಿಸಿದ್ದೇನೆ. 20 ಮೀಟರ್ ಬದಿಯ ಚೌಕ. ಮನೆಯವರೆಗೆ ಕೇಬಲ್ ಟಿವಿಯ ಆರ್‌ಜಿ-6 ಎಳೆದಿದ್ದೇನೆ. ದಿಕ್ಕಿನ ಸ್ವಿಚ್ ಎತ್ತ ತಿರುಗಿಸಿದರೂ ವ್ಯತ್ಯಾಸವೇ ಇಲ್ಲ, ನಾಯ್ಸ್ ಎಸ್ ಮೀಟರಿನಲ್ಲಿ (ಸಿಗ್ನಲ್ ಬಲ ತೋರಿಸುವ ಮೀಟರ್) ಎಸ್-8ರಲ್ಲೇ ಇರುತ್ತದೆ. ಪ್ರೀಆಂಪ್ (ರಿಸೀವರಿಗೆ ಮುಂಚೆ ಸಿಗ್ನಲ್ ಹೆಚ್ಚಿಸುವ ಸಾಧನ) ಹಾಕಬೇಕಾ? ಕಟ್ಟಿದವರು ದಯವಿಟ್ಟು ಹೇಳಿ.

ಮಂಡ್ಯದಿಂದ:

ಓಎಂ (ಹ್ಯಾಮ್ ಗೆಳೆಯರೇ), ಪ್ರೀಆಂಪ್ ಈಗಲೇ ಬೇಡ. ಸಿಗ್ನಲ್ ಜೊತೆ ನಾಯ್ಸನ್ನೂ ಅದು ಅಷ್ಟೇ ಹೆಚ್ಚಿಸುತ್ತದೆ. ದಿಕ್ಕು ಬದಲಿಸಿದರೂ ಏನೂ ಬದಲಾಗುತ್ತಿಲ್ಲ ಅಂದರೆ ನನ್ನ ಅನುಮಾನ ಕೇಬಲ್ ಮೇಲೆ. ಗಿಡ್ಡ ಕಂಬಗಳಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಹಾಗಾಗಿ ಕೇಬಲ್ಲಿನ ಶೀಲ್ಡ್ ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್, ಸಿಸಿಟಿವಿ ಅಡಾಪ್ಟರುಗಳ ನಾಯ್ಸನ್ನು ಸ್ವಲ್ಪ ಹೊತ್ತು ತಂದರೂ ಸಾಕು, ಕಂಬಗಳು ಕೇಳಿದ್ದೆಲ್ಲ ಮುಚ್ಚಿಹೋಗುತ್ತದೆ.

ಪರೀಕ್ಷೆ ಸುಲಭ. ಕಂಬದ ಬುಡದಲ್ಲಿ ಕೇಬಲ್ ಬಿಚ್ಚಿ, ಅದರ ತುದಿಗೆ 75 ಓಮ್ ರೆಸಿಸ್ಟರ್ ಹಾಕಿ, ಮನೆಗೆ ಬಂದು ಕೇಳಿ. ರಿಸೀವರ್ ಮೌನವಾಗಬೇಕು. ಇನ್ನೂ ಗರ್ ಅನ್ನುತ್ತಿದ್ದರೆ ಆ ಕೇಬಲ್ಲೇ ಆಂಟೆನಾ ಆಗಿದೆ. ನಾಲ್ಕನ್ನೂ ಹೀಗೆ ಒಂದೊಂದಾಗಿ ನೋಡಿ, ಆಮೇಲೆ ಮನೆಗೆ ಬರುವ ಮುಖ್ಯ ಕೇಬಲ್ಲನ್ನೂ ನೋಡಿ. ಇದನ್ನು ಮಾಡದೆ ಬೇರೆ ಏನು ಬದಲಿಸಿದರೂ ಸುಮ್ನೆ ಕತ್ತಲಲ್ಲಿ ಹುಡುಕಿದ ಹಾಗೆ.

ಸರಿಪಡಿಸೋದು ಹೀಗೆ. ಪ್ರತಿ ಕಂಬದ ಬುಡದಲ್ಲಿ 73 ಮೆಟೀರಿಯಲ್‌ನ (ಒಂದು ಬಗೆಯ ಫೆರೈಟ್) ಎರಡು ತೂತಿನ ಬೈನಾಕ್ಯುಲರ್ ಕೋರ್ ಮೇಲೆ ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತಿ. ಎರಡು ಸುತ್ತುಗಳಿಗೂ ಪರಸ್ಪರ ಸಂಪರ್ಕ ಇರಬಾರದು. ಕಂಬದ ಅರ್ಥ್ ಕಂಬಕ್ಕೇ ಇರಲಿ, ಕೇಬಲ್ಲಿನ ಶೀಲ್ಡಿಗೆ ಸೇರಿಸಬೇಡಿ. ಮನೆಗೆ ಬರುವ ಕೇಬಲ್ಲನ್ನು 31 ಮೆಟೀರಿಯಲ್‌ನ ದೊಡ್ಡ ಫೆರೈಟ್ ರಿಂಗಿಗೆ ಹಿಡಿಸುವಷ್ಟು ಸುತ್ತು ಸುತ್ತಿ, ಸಾಧ್ಯವಾದರೆ ನೆಲದಲ್ಲಿ ಹೂತುಬಿಡಿ. ಕೇಬಲ್ ಟಿವಿಯ ಆರ್‌ಜಿ-6ರಲ್ಲಿ ಹೊರಗಿನ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂದು, ಅದಕ್ಕೆ ಬೆಸುಗೆ ಹಿಡಿಯೋದಿಲ್ಲ. ಕಂಪ್ರೆಷನ್ ಎಫ್ ಕನೆಕ್ಟರನ್ನೇ ಹಾಕಿ, ಒಳಗೆ ನೀರು ಹೋಗದಂತೆ ಸುತ್ತಿ.

ಆಮೇಲೆ ನಾಲ್ಕೂ ಕಂಬ ಒಂದೇ ತರ ಇವೆಯಾ ನೋಡಬೇಕು. ಕಾಯಿಲ್ ಮತ್ತು ರೆಸಿಸ್ಟರ್ ಹಾಕಿ ಪ್ರತಿಯೊಂದನ್ನೂ 1.83 ಮೆಗಾಹರ್ಟ್ಸ್‌ನಲ್ಲಿ 75 ಓಮ್‌ಗೆ ತನ್ನಿ, ಅಳೆಯಲು ನ್ಯಾನೊವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ಸಾಕು. ನಮ್ಮ ಕಡೆ ಒಂದು ತೊಂದರೆ ಇದೆ, ಒಂದು ಕಂಬ ಕಾಲುವೆ ಪಕ್ಕದ ಒದ್ದೆ ಮಣ್ಣಿನಲ್ಲಿ, ಇನ್ನೊಂದು ಒಣ ಕೆಂಪು ಮಣ್ಣಿನಲ್ಲಿ ನಿಂತಿರುತ್ತದೆ. ಬರೀ ಅರ್ಥ್ ರಾಡ್ ನಂಬಿದರೆ ಗದ್ದೆಗೆ ನೀರು ಬಿಟ್ಟ ದಿನ ಅಳತೆಯೇ ಬೇರೆ ಬರುತ್ತದೆ. ಪ್ರತಿ ಕಂಬದಡಿ ನಾಲ್ಕಾರು ತಂತಿ ಹರಡಿ, ಅದೇ ವಾಸಿ. ಕಬ್ಬು ಇದ್ದರೆ ಸೋಗೆ ತಂತಿಗೆ ತಾಗದಂತೆಯೂ ನೋಡಿಕೊಳ್ಳಿ.

ಡಿಲೇ ಲೈನ್ (ಕೇಳುವ ದಿಕ್ಕು ಆರಿಸಲು ಸಿಗ್ನಲ್ಲನ್ನು ತಡ ಮಾಡಿಸುವ ಕೇಬಲ್) ವಿಷಯದಲ್ಲಿ ಮೊದಲು ಎರಡೇ ಕಂಬ ಇಟ್ಟುಕೊಂಡು ಕೆಲಸ ಮಾಡಿಸಿ. ಹಿಂದಿನ ಕಂಬದ ಸಿಗ್ನಲ್ಲಿಗೆ ಎರಡರ ಅಂತರದಷ್ಟು ತಡ ಕೊಡಿ, ಟ್ರಾನ್ಸ್‌ಫಾರ್ಮರಿನಲ್ಲಿ ಅದನ್ನು ಉಲ್ಟಾ ಮಾಡಿ, ಮುಂದಿನದರ ಜೊತೆ ಸೇರಿಸಿ. ಹಿಂದಿನಿಂದ ಬರುವುದು ಆಗ ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಆದರೆ 20 ಮೀಟರ್ ತಡಕ್ಕೆ 20 ಮೀಟರ್ ಕೇಬಲ್ ಕತ್ತರಿಸಬಾರದು, ಕೇಬಲ್ಲಿನಲ್ಲಿ ಸಿಗ್ನಲ್ ನಿಧಾನ. ಫೋಮ್ ಇರುವ ಆರ್‌ಜಿ-6ರಲ್ಲಿ ವೇಗ ಸುಮಾರು 0.83 ಪಟ್ಟು, ಅಂದರೆ 16.6 ಮೀಟರ್ ಆಗುತ್ತದೆ. ಗಟ್ಟಿ ಪಾಲಿಥೀನ್ ಇರುವುದಾದರೆ 0.66, ಆಗ 13.2 ಮೀಟರ್. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಕೇಬಲ್ಲಿಗೆ ಈ ಲೆಕ್ಕ ನಂಬಬೇಡಿ, ಅಳೆದೇ ಕತ್ತರಿಸಿ. ಒಂದು ತುದಿ ತೆರೆದಿಟ್ಟು ಇನ್ನೊಂದು ತುದಿಯಲ್ಲಿ ನ್ಯಾನೊವಿಎನ್‌ಎ ಹಾಕಿ, ಇಂಪೀಡೆನ್ಸ್ ಮೊದಲ ಸಲ ಸೊನ್ನೆ ಹತ್ತಿರ ಇಳಿಯುವ ಜಾಗ 3.75 ಮೆಗಾಹರ್ಟ್ಸ್‌ಗೆ ಬರುವವರೆಗೆ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಹೋಗಿ. ಅದು ಸರಿಯಾಗಿ 20 ಮೀಟರ್ ತಡ. ಕಂಬಗಳಿಂದ ಬರುವ ನಾಲ್ಕು ಕೇಬಲ್ಲುಗಳೂ ಒಂದೇ ಸುರುಳಿಯವು, ಒಂದೇ ಉದ್ದದವು ಆಗಿರಲಿ.

ಟ್ರಾನ್ಸ್‌ಮಿಟ್ ಆಂಟೆನಾ ಪಕ್ಕದಲ್ಲೇ ಇದೆಯಾ? ಅದು ಮನೆಯ ನಾಯ್ಸ್ ಹಿಡಿದು ಮತ್ತೆ ನಿಮ್ಮ ಕಂಬಗಳ ಕಡೆ ಬೀರುತ್ತದೆ. ಕೇಳುವಾಗ ಅದರ ಫೀಡ್ ಬಿಚ್ಚಿ ನೋಡಿ, ವ್ಯತ್ಯಾಸ ಕಂಡರೆ ಡೀಟ್ಯೂನ್ ಮಾಡಲು (ಕೇಳುವಾಗ ಅದು ಈ ಬ್ಯಾಂಡಿಗೆ ಸ್ಪಂದಿಸದಂತೆ ಮಾಡಲು) ರಿಲೇ ಹಾಕಿ.

ಇಷ್ಟೆಲ್ಲ ಆದ ಮೇಲೆ ಮಟಮಟ ಮಧ್ಯಾಹ್ನ ಆಂಟೆನಾ ಸಿಕ್ಕಿಸಿ, ಬಿಚ್ಚಿ ನೋಡಿ. ಸಿಕ್ಕಿಸಿದಾಗ ನಾಯ್ಸ್ ಸ್ವಲ್ಪ ಏರಿದರೆ ಪ್ರೀಆಂಪ್ ಬೇಡವೇ ಬೇಡ. ಹಾಕಲೇಬೇಕು ಅಂದರೆ ಮುಂದೆ ಮೀಡಿಯಂ ವೇವ್ ತಡೆಯುವ ಫಿಲ್ಟರ್ ಇರಲಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಅದರ ಮೂರು ಪಟ್ಟು 1836. ಸಾಧಾರಣ ಪ್ರೀಆಂಪ್ ತಾನೇ ಅದನ್ನು ಹುಟ್ಟಿಸಿ ಸರಿಯಾಗಿ ನಿಮ್ಮ ಬ್ಯಾಂಡಿನಲ್ಲಿ ಕೂರಿಸುತ್ತದೆ.

ಮೈಸೂರಿನಿಂದ:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕೇಬಲ್ ಬಿಚ್ಚುವ ಮುಂಚೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ರಿಗ್ಗನ್ನು (ರೇಡಿಯೊ ಸೆಟ್) 12 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿ. ಯುಪಿಎಸ್ ಕೂಡ ಆಫ್ ಆಗಬೇಕು, ಅದೇ ಎಷ್ಟೋ ಸಲ ದೊಡ್ಡ ಕಳ್ಳ. ಇಡೀ ಬೀದಿಗೆ ಕರೆಂಟ್ ಹೋದಾಗಲೂ ಎಸ್ ಮೀಟರ್ ನೋಡಿ ಬರೆದಿಡಿ, ಎಷ್ಟು ನಾಯ್ಸ್ ಮನೆಯದು, ಎಷ್ಟು ಬೀದಿಯದು ಅಂತ ಗೊತ್ತಾಗುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆಯ ಸಿಡಿತ ಎಲ್ಲ ಕಡೆಯಿಂದ ಬರುತ್ತದೆ, ಆಗ ಆಂಟೆನಾ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ಚಳಿಗಾಲದ ರಾತ್ರಿ ವಾಯವ್ಯಕ್ಕೆ ತಿರುಗಿಸಿ ಯುರೋಪ್ ಕೇಳಿ, ಈಶಾನ್ಯಕ್ಕೆ ತಿರುಗಿಸಿ ಜಪಾನ್ ಕೇಳಿ. ಗುಡುಗು ಶುರುವಾದರೆ ಮಾತ್ರ ಎಲ್ಲ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ.

ಜಾಗ ಇಲ್ಲದವರಿಗೆ ತಾರಸಿ ಮೇಲೆ ಒಂದು ಮೀಟರ್ ಅಗಲದ ಲೂಪ್ ಇದೆ. ಅದರ ಚಪ್ಪಟೆ ಬದಿ ಎತ್ತ ಇರುತ್ತದೋ ಅತ್ತ ಕಿವುಡು. ಪಕ್ಕದ ಮನೆಯ ಒಂದು ನಾಯ್ಸನ್ನು ಅಲ್ಲಿಗೆ ತಿರುಗಿಸಿ ಚೆನ್ನಾಗಿ ಅಡಗಿಸಬಹುದು, ಎರಡು ಮೂರು ಕಡೆಯಿಂದ ಬಂದರೆ ಕಷ್ಟ.

ಪಾಂಡವಪುರದಿಂದ:

ನಾಯ್ಸ್ ಟಿಕ್, ಟಿಕ್ ಅಂತ ಸುಮಾರು ಸೆಕೆಂಡಿಗೊಂದು ಬರುತ್ತಿದೆಯಾ? ಹಾಗಿದ್ದರೆ ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ ನೋಡಿ, ಕಳೆ ತಂತಿಗೆ ತಾಗಿ ಕಿಡಿ ಹಾರುತ್ತಿರುತ್ತದೆ. ಬೇಲಿ ಆಫ್ ಮಾಡಿಸಿ, ಕಳೆ ಕೊಯ್ದು, ಒಡೆದ ಇನ್ಸುಲೇಟರ್ ಬದಲಿಸಿದರೆ ಹೋಗುತ್ತದೆ. ಹಗಲಲ್ಲಿ ಮಾತ್ರ ಗುಂಯ್ ಅಂತಿದ್ದರೆ ಅಕ್ಕಪಕ್ಕದ ಸೋಲಾರ್ ಪಂಪಿನ ಕಂಟ್ರೋಲರ್ ಇರಬಹುದು, ತೋಟದವರನ್ನು ಕೇಳಿ ಒಂದು ಗಳಿಗೆ ನಿಲ್ಲಿಸಿ ನೋಡಿ. ಚಿಟಪಟ ಅಂತಿದ್ದರೆ ಎಎಂ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು ಕರೆಂಟ್ ಲೈನ್ ಉದ್ದಕ್ಕೂ ನಡೆಯಿರಿ. ಜೋರಾದ ಕಡೆ ಕಂಬದ ನಂಬರ್ ಬರೆದುಕೊಂಡು ಲೈನ್‌ಮ್ಯಾನ್‌ಗೆ ಕೊಡಿ. ಕಂಬವನ್ನು ನೀವು ಮುಟ್ಟೋದು, ಬಡಿಯೋದು ಮಾಡಬೇಡಿ.

73 (ಹ್ಯಾಮ್‌ಗಳ ಶುಭಾಶಯ)